ಸ್ಟೂಲಿನ ಮೇಲಿಟ್ಟ ಕಾಫಿ

ಕುವೊಪಿಯೊ
8 ನವೆಂಬರ್ 1983, ಮಂಗಳವಾರ

ತೌನೊಗೆ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದ ಮೇಲೆ ಆ ಹಾಳೆಯನ್ನು ಹರಿದು ಹೊಸದು ತೆಗೆದುಕೊಂಡೆ. ಇದು ಶುಕ್ರವಾರ ನಿನ್ನ ಅಂಚೆ ಚೀಲಕ್ಕೇ ಬಂದು ಬೀಳುತ್ತದೆ, ನಿನಗೆ ನೀನೇ ತಲುಪಿಸಿಕೊಳ್ಳಬೇಕು. ಸೈಕಲ್ ತುಳಿಯುತ್ತಾ ಓದಬೇಡ. ಡೈರಿಯ ಹತ್ತಿರದ ಇಳಿಜಾರಿನಲ್ಲಿ ಇಷ್ಟು ಹೊತ್ತಿಗೆ ಹಿಮ ಗಟ್ಟಿಯಾಗಿರುತ್ತದೆ. ನೀನು ಬಿದ್ದು ಕೈ ಮುರಿದುಕೊಂಡರೆ ಆ ಮೇಜಿನ ಕೆಲಸ ಇನ್ನೂ ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ನಾಲ್ಕು ಪುಟ ಬರೆದಿದ್ದೀಯ. ಮದುವೆಯಾದಾಗಿನಿಂದ ನೀನು ನನಗೆ ಇಷ್ಟು ಉದ್ದ ಬರೆದದ್ದು ಇದೇ ಮೊದಲು. ಲಕೋಟೆಯ ದಪ್ಪ ನೋಡಿಯೇ ನನಗೆ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ. ಕೈಸು ಅಕ್ಕನ ಅಡುಗೆಮನೆಯಲ್ಲಿ ನಿಂತಲ್ಲೇ ಓದಿದೆ. ಮೊದಲ ಪುಟದಲ್ಲಿ ಮೇಜಿನ ಮೂರನೆಯ ಕಾಲು. ಆಮೇಲೆ ಅಂಟು, ಅದು ಯಾಕೆ ಒಣಗುತ್ತಿಲ್ಲ ಎಂಬ ದೀರ್ಘ ಪುರಾಣ. ಹಲಗೆಗಳನ್ನು ಬಿಗಿಹಿಡಿಯುವ ದೊಡ್ಡ ಕ್ಲ್ಯಾಂಪನ್ನು ನಾನು ಎಲ್ಲಿಟ್ಟಿದ್ದೇನೆ ಎಂಬ ಪ್ರಶ್ನೆ, ಅದೂ ನಾನೇ ಕದ್ದು ತಂದವಳ ಹಾಗೆ. ಕೊನೆಯಲ್ಲಿ 'ಇಲ್ಲಿ ಚಳಿ ಹೆಚ್ಚಿದೆ. ತೌನೊ.' ಅಷ್ಟೇ. ಹೇಗಿದ್ದೀಯ ಎಂದಿಲ್ಲ, ಯಾವಾಗ ಬರುತ್ತೀಯ ಎಂದಿಲ್ಲ, ಯಾಕೆ ಹೋದೆ ಎಂದಂತೂ ಇಲ್ಲವೇ ಇಲ್ಲ. ಅಕ್ಕ ನನ್ನ ಭುಜದ ಮೇಲಿಂದ ಇಣುಕಿ ಓದಿ, "ಇದೇನೇ ಓನೆರ್ವ, ಹೆಂಡ್ತಿಗೆ ಬರ್ದಿರೋ ಕಾಗದಾನೋ, ಮರದಂಗಡಿಗೆ ಬರ್ದಿರೋದೋ? ವಿಳಾಸ ತಪ್ಪಿರ್ಬೇಕು ನೋಡು" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕ್ಲ್ಯಾಂಪು ನೆಲಮಾಳಿಗೆಯಲ್ಲಿ ಆಲೂಗಡ್ಡೆ ಪೆಟ್ಟಿಗೆಯ ಹಿಂದೆ ಇದೆ. ಅಲ್ಲಿಟ್ಟವನು ನೀನು.

ನಿನಗೆ ನೆನಪಿದೆಯೋ ಇಲ್ಲವೋ, ಇದೆಲ್ಲ ಶುರುವಾದದ್ದು ಒಳ್ಳೆಯ ರೀತಿಯಲ್ಲೇ. ನೀನು ಗ್ರಂಥಾಲಯದ ಬಾಗಿಲಲ್ಲಿ ಸಂಜೆ ಶಾಲೆಯ ಚೀಟಿ ನೋಡಿ ಬಂದು, "ಮರಗೆಲಸ ಹೇಳ್ಕೊಡ್ತಾರಂತೆ. ನಾವಿಬ್ರೂ ಹೋಗೋಣ. ಊಟದ ಮೇಜು ನಾವೇ ಮಾಡ್ಕೊಳ್ಳೋಣ" ಎಂದೆ. ಆ 'ನಾವಿಬ್ರೂ' ಕೇಳಿ ನನಗೆ ಎಷ್ಟು ಸಂತೋಷವಾಯಿತು ಗೊತ್ತೆ? ಆಲೂಗಡ್ಡೆ ಅಗೆಯುವುದು ಬಿಟ್ಟರೆ ನಾವಿಬ್ಬರೂ ಸೇರಿ ಏನನ್ನೂ ಮಾಡಿದವರಲ್ಲ. ಆದರೆ ನೀನು ಗರಗಸ ಹಿಡಿಯುವುದನ್ನು ಕಲಿಯುವ ಮೊದಲೇ, ಮರುವಾರವೇ, ಇದ್ದ ಮೇಜನ್ನು ಪಕ್ಕದ ಮನೆಯ ರೌಹಾಗೆ ಮಾರಿಬಿಟ್ಟೆ. ಬೇಸಿಗೆಯ ಹಬ್ಬಕ್ಕೆ ಹೊಸದು ಬರುತ್ತದಲ್ಲ ಎಂದೆ. ಆ ಬೇಸಿಗೆ ಹೋಯಿತು, ಇನ್ನೊಂದೂ ಹೋಯಿತು. ನಾವು ಇಸ್ತ್ರಿ ಹಲಗೆಯ ಮೇಲೆ ಉಣ್ಣುತ್ತಿದ್ದೇವೆ. ಗುರುವಾರದ ಬಟಾಣಿ ಸೂಪು ಇಸ್ತ್ರಿ ಹಲಗೆಯ ಮೇಲೆ! ನೀನು ಮೊಣಕೈ ಊರಿದರೆ ನನ್ನ ಬಟ್ಟಲು ಜಾರುತ್ತದೆ. ಇಡೀ ಶಾಲೆಯ ಮಕ್ಕಳಿಗೆ ಉದ್ದುದ್ದ ಮೇಜುಗಳ ಮೇಲೆ ಬಡಿಸಿ ಮನೆಗೆ ಬರುವ ನಾನು ನನ್ನ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ರೌಹಾ ಬೇಲಿಯಾಚೆಯಿಂದ, "ನಿಮ್ಮ ಮೇಜು ತುಂಬಾ ಚೆನ್ನಾಗಿದೆ ಕಣಮ್ಮ" ಎಂದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಇನ್ನು ಆ ಹಲಗೆಗಳು. ನಿನ್ನ ತಮ್ಮ ಉರ್ಪೊ ತನ್ನ ಕಾಡಿನಲ್ಲಿ ಕಡಿದ ಬರ್ಚ್ ಮರವನ್ನು ಸೀಳಿಸಿ ಕೊಟ್ಟ. ಹಸಿ ಮರ, ಮುಟ್ಟಿದರೆ ಕೈ ತೇವವಾಗುತ್ತಿತ್ತು. ಸಂಜೆ ಶಾಲೆಯ ಕುವೊಸ್ಮನೆನ್ ಮೇಷ್ಟ್ರು ಅದನ್ನು ಮಾಡಿನ ಕೆಳಗೆ ಗಾಳಿಯಾಡುವಂತೆ ಪೇರಿಸಿಟ್ಟು ಮರೆತುಬಿಡಿ ಎಂದರು. ಮರೆಯುವಷ್ಟು ತಾಳ್ಮೆ ನಿನಗೆಲ್ಲಿ? ತಂದು ನಮ್ಮ ಸೌನಾದೊಳಗೆ ಜೋಡಿಸಿ ಒಲೆ ಹೊತ್ತಿಸಿದೆ. ಜನ ಮೈ ಬೆವರಿಸಿಕೊಂಡು ಮೀಯುವ ಕೋಣೆಯಲ್ಲಿ ಹಲಗೆಗಳು ನಾವು ಕೂರುವ ಮೆಟ್ಟಿಲ ಮೇಲೆ ಮಲಗಿದ್ದವು, ನಾವು ಹೊರಗೆ. ಶನಿವಾರದ ಸ್ನಾನಕ್ಕೆ ಟವೆಲ್ ಹೊತ್ತು ಉರ್ಪೊನ ಮನೆಗೆ ನಡೆಯಬೇಕಾಯಿತು. ಊರವರು ಕೇಳಿದರೆ ನೀನು, "ಮರಕ್ಕೆ ಸ್ನಾನ ಮಾಡಿಸ್ತಿದೀವಿ" ಎಂದು ಜಂಬದಿಂದ ಹೇಳುತ್ತಿದ್ದೆ. ಕ್ರಿಸ್‌ಮಸ್ ಮುನ್ನಾದಿನದ ಸ್ನಾನವೂ ತಪ್ಪೀತೇ ಎಂದು ನಾನು ಅಂದು ಕೂಗಾಡಿದ್ದು ನಿನ್ನ ಕಿವಿಗೆ ಬೀಳಲೇ ಇಲ್ಲ. ಆ ಹಲಗೆಗಳು ಒಣಗಿದವು, ನಿಜ. ಒಂದೊಂದೂ ಒಂದೊಂದು ದಿಕ್ಕಿಗೆ ತಿರುಚಿಕೊಂಡು, ತುದಿಯಲ್ಲಿ ಬಾಯಿಬಿಟ್ಟುಕೊಂಡು ಒಣಗಿದವು. ಅವನ್ನೇ ನೀನು ಕೀಸಿ, ಅಂಟು ಹಚ್ಚಿ, ಮೇಲೆ ಕಲ್ಲು ಹೇರಿ ನೇರ ಮಾಡುತ್ತೇನೆಂದು ಹೊರಟೆ. ಕಲ್ಲು ತೆಗೆದ ಮರುದಿನ ಮತ್ತೆ ಡೊಂಕು.

ಆಗ ನನಗೆ ಕೋಪಕ್ಕಿಂತ ಹೆಚ್ಚಾಗಿ ನಗು ಬರುತ್ತಿತ್ತು. ಇಬ್ಬರೂ ಹೊಸಬರು, ಕೆಡಿಸಿಯೇ ಕಲಿಯಬೇಕು. ನಾನೇನು ಕಡಿಮೆ ಕೆಡಿಸಿದೆನೇ? ನನ್ನ ಮೊದಲ ಸ್ಟೂಲಿನ ಕಾಲಿನ ಗೂಟಗಳನ್ನು ತೂತಿಗಿಂತ ಸಣ್ಣದಾಗಿ ಕೆತ್ತಿದ್ದೆ; ಅದು ಗಡಗಡ ಅಲ್ಲಾಡಿ, ಒಲೆಗೆ ಹೋಯಿತು. ಎರಡನೆಯದರ ಮಣೆ ಸೀಳಿತು. ನೀನು ಮೇಷ್ಟ್ರು ಬಹಳ ನಿಧಾನ ಎಂದು ಸಂಜೆ ಶಾಲೆ ಬಿಟ್ಟೆ. ನಾನು ಬಿಡಲಿಲ್ಲ. ಅಲ್ಲಿ ಒಣಗಿದ ಮರವಿತ್ತು, ಬೆಚ್ಚಗಿನ ಕೋಣೆಯಿತ್ತು, ನನಗೆ ಯಾರೂ 'ಸರಿ ಆ ಕಡೆ' ಎನ್ನುತ್ತಿರಲಿಲ್ಲ. ಮೂರನೆಯ ಸ್ಟೂಲು ನಿಂತಿತು. ಮೊಳೆಯಿಲ್ಲ, ಸ್ಕ್ರೂ ಇಲ್ಲ. ಮಣೆಯ ಮೇಲೆ ಅಂಗೈ ಸವರಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಅದನ್ನು ಮನೆಗೆ ತಂದ ದಿನ ನೀನು ಅದರ ಮೇಲೆ ಕೂತು, ಒಂದು ಸಲ ಹಿಂದೆ ಮುಂದೆ ತೂಗಿ ನೋಡಿ, "ಹ್ಞೂಂ" ಎಂದೆ. ಆ 'ಹ್ಞೂಂ' ನನಗೆ ಸಾಕಾಗಿತ್ತು. ನಿನ್ನಿಂದ ಅಷ್ಟು ಬಂದರೆ ಬಹಳ ಎಂದು ತಿಳಿದೇ ನಿನ್ನನ್ನು ಮದುವೆಯಾದವಳು ನಾನು.

ಈಗ ಆ ಭಾನುವಾರದ ಮಾತಿಗೆ ಬರುತ್ತೇನೆ. ನಿನ್ನ ನಾಲ್ಕು ಪುಟಗಳಲ್ಲಿ ಅದರ ಸುದ್ದಿಯೇ ಇಲ್ಲವಾದ್ದರಿಂದ ನಾನೇ ಬರೆಯಬೇಕಾಗಿದೆ.

ನಿನ್ನ ಅಮ್ಮ, ಉರ್ಪೊ, ಅವನ ಹೆಂಡತಿ ಕಾಫಿಗೆ ಬಂದಿದ್ದರು. ಮೇಜಿಲ್ಲದ ಮನೆಯಲ್ಲಿ ಅತ್ತೆಯ ಮುಂದೆ ಇಸ್ತ್ರಿ ಹಲಗೆ ಬಿಡಿಸಲು ನಾಚಿಕೆಯಾಗಿ, ನನ್ನ ಸ್ಟೂಲಿಗೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕಾಫಿ ಇಟ್ಟೆ. ಏಲಕ್ಕಿ ಬನ್ನಿನ ತಟ್ಟೆಯನ್ನು ಉರ್ಪೊನ ಹೆಂಡತಿ ಹಿಡಿದುಕೊಂಡಿದ್ದಳು. ಅಮ್ಮ ಬಟ್ಟೆಯನ್ನು ಸ್ವಲ್ಪ ಸರಿಸಿ, ಸ್ಟೂಲಿನ ಅಂಚನ್ನು ಬೆರಳಲ್ಲಿ ಸವರಿ, ಬಗ್ಗಿ ಅದರ ಅಡಿಯನ್ನೂ ನೋಡಿದರು. ಆಮೇಲೆ ನಿನ್ನ ಮುಖ ನೋಡಿ, "ಎಷ್ಟು ಚೆನ್ನಾಗಿದೆಯೋ ಮಗಾ. ನಿಮ್ಮಪ್ಪನ ಕೈಯೇ ನಿನಗೆ ಬಂದಿದೆ" ಎಂದರು.

ನಾನು ಕಾಫಿ ಬಗ್ಗಿಸುತ್ತಿದ್ದವಳು ನಿಲ್ಲಿಸಿದೆ. ನಿನ್ನ ಬಾಯಿಂದ ಎರಡು ಮಾತು ಬಂದರೆ ಮುಗಿಯುತ್ತಿತ್ತು: ಅವಳು ಮಾಡಿದ್ದು. ನೀನು ನನ್ನ ಕಡೆ ನೋಡಿದೆ. ನೋಡಲಿಲ್ಲ ಎಂದು ಹೇಳಬೇಡ, ನೋಡಿದೆ. ನೋಡಿ, ಇನ್ನೊಂದು ಬನ್ ತೆಗೆದುಕೊಂಡು, ಕಾಫಿಯಲ್ಲಿ ಅದ್ದಿ ತಿಂದೆ. ಉರ್ಪೊ, "ಅಂತೂ ಏನೋ ಒಂದು ಮುಗಿಸ್ದೆ ಬಿಡಪ್ಪ" ಎಂದು ನಿನ್ನ ಬೆನ್ನು ತಟ್ಟಿದ. ಅದಕ್ಕೂ ನೀನು ಸುಮ್ಮನೆ. ನೀನು ಸುಳ್ಳಾಡಲಿಲ್ಲ, ನಿಜ. ನಮ್ಮ ಜನಕ್ಕೆ ಸುಳ್ಳು ಹೇಳಲು ಬಾಯಿ ಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡರೆ ಅದು ತಾನಾಗಿಯೇ ಆಗಿಹೋಗುತ್ತದೆ.

ಹಾಗಾದರೆ ನೀನೇ ಯಾಕೆ ಹೇಳಲಿಲ್ಲ ಎಂದು ಅಕ್ಕ ನನ್ನನ್ನು ಕೇಳಿದಳು. ಹೇಗೆ ಹೇಳಲಿ? ಗಂಡನ ತಾಯಿಯ ಎದುರು, ಕಾಫಿ ಕೆಟಲ್ ಕೈಯಲ್ಲಿ ಹಿಡಿದು, 'ಅದು ನಾನು ಮಾಡಿದ್ದು, ಅವನಲ್ಲ' ಎನ್ನಲೇ? ಹೊಗಳಿಕೆಯನ್ನು ಕಿತ್ತುಕೊಳ್ಳಲು ನನಗೆ ಬರುವುದಿಲ್ಲ. ಕೊಡುವವನು ಕೊಡಬೇಕಿತ್ತು. ಅವರೆಲ್ಲ ಹೋದ ಮೇಲೆ ನಾನು ಕೇಳಿದೆ, ಮೆಲ್ಲಗೇ ಕೇಳಿದೆ. ನೀನು ಪತ್ರಿಕೆಯಿಂದ ತಲೆ ಎತ್ತದೆ, "ಸ್ಟೂಲು ತಾನೆ, ಅದಕ್ಕೇನೀಗ" ಎಂದೆ.

ಸ್ಟೂಲು ತಾನೆ! ಎರಡು ಚಳಿಗಾಲ ನೀನು ಮೇಜು ಮೇಜು ಎಂದು ಮನೆಯನ್ನು ತಲೆಕೆಳಗು ಮಾಡಿದಾಗ ನಾನು 'ಮೇಜು ತಾನೆ' ಎಂದೆನೇ? ನಿನ್ನ ಡೊಂಕು ಹಲಗೆಯನ್ನು ಕೂಡ ನಾನು ಅಂಗಡಿಯವಳ ಎದುರು ಬಿಟ್ಟುಕೊಟ್ಟವಳಲ್ಲ. "ಮರ ಹಸಿಯಿತ್ತು, ಅವನ ತಪ್ಪೇನಿದೆ" ಎಂದು ವಾದಿಸಿ ಬಂದೆ. ಆ ಭಾನುವಾರದ ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಬರೆದುಕೊಟ್ಟು, ಬಟ್ಟೆ ಜೋಡಿಸಿ ಬಸ್ಸು ಹತ್ತಿದೆ. ನನ್ನ ಕೈ ಬಳಸುವುದನ್ನು ಕಲಿತದ್ದು ಈ ನಲವತ್ತರ ಮೇಲೆ. ಅದರ ಹೆಸರನ್ನೂ ಇನ್ನೊಬ್ಬರ ಮಡಿಲಿಗೆ ಹಾಕಿ ಸುಮ್ಮನಿರಲು ನನ್ನಿಂದಾಗದು.

ನೀನು ಕೆಟ್ಟವನಲ್ಲ, ಅದೇ ನನ್ನ ಸಂಕಟ. ಕೆಟ್ಟವನಾಗಿದ್ದರೆ ಇಷ್ಟು ಹಾಳೆ ಖರ್ಚು ಮಾಡುತ್ತಿರಲಿಲ್ಲ. ಚಳಿಗಾಲದ ಪ್ರತಿ ಬೆಳಿಗ್ಗೆ ನೀನು ನನಗಿಂತ ಮೊದಲು ಎದ್ದು, ನನ್ನ ಬೂಟುಗಳನ್ನು ಒಲೆಯ ಪಕ್ಕ ಇಟ್ಟು ಬೆಚ್ಚಗೆ ಮಾಡುತ್ತೀಯ. ಇಲ್ಲಿ ಅಕ್ಕನ ಮನೆಯಲ್ಲಿ ಹೊರಗೆ ಹೋಗುವಾಗ ಬೂಟಿಗೆ ಕಾಲಿಟ್ಟರೆ ತಣ್ಣಗೆ ಕೊರೆಯುತ್ತದೆ, ನಿನ್ನ ನೆನಪಾಗುತ್ತದೆ, ಆಮೇಲೆ ಆ ಬನ್ ನೆನಪಾಗುತ್ತದೆ, ಮತ್ತೆ ಸಿಟ್ಟು ಬರುತ್ತದೆ. ದಿನವೂ ಇದೇ ಗೋಳು.

ನನಗೆ ಮೇಜು ಬೇಡ. ಬೇಕಾದರೆ ಸಾಯುವವರೆಗೂ ಇಸ್ತ್ರಿ ಹಲಗೆಯ ಮೇಲೆ ಉಣ್ಣುತ್ತೇನೆ. ನನಗೆ ಕ್ಷಮೆಯ ಕಾಗದವೂ ಬೇಡ; ನೀನು ಬರೆದರೆ ಅದರ ನಡುವೆಯೂ ಅಂಟಿನ ವಿಷಯ ನುಸುಳುತ್ತದೆ. ಆ ಸ್ಟೂಲನ್ನು ಮಾಡಿದವಳು ಓನೆರ್ವ ಎಂದು ನೀನು ನಿನ್ನ ಅಮ್ಮನಿಗೆ ಹೇಳಬೇಕು. ನನ್ನ ಕಿವಿಯಲ್ಲಿ ಅಲ್ಲ, ಅವರ ಎದುರು, ಉರ್ಪೊ ಇರುವಾಗ, ಬಾಯಿ ಬಿಟ್ಟು. ಅಷ್ಟು ಮಾಡಿದ ದಿನ ನಾನು ಮನೆಗೆ ಬರುತ್ತೇನೆ. ಅದಾಗುವವರೆಗೆ ಅಕ್ಕನ ಸೋಫಾ ಇದೆ, ಅಕ್ಕನ ಬಾಯಿಯೂ ಇದೆ, ಎರಡನ್ನೂ ಹೇಗೋ ಸಹಿಸಿಕೊಳ್ಳುತ್ತೇನೆ.

ಅಂಟು ಒಣಗದಿರುವುದು ನೀನು ಅದನ್ನು ಹೊರಗಿನ ಷೆಡ್ಡಿನ ಚಳಿಯಲ್ಲಿ ಹಚ್ಚುತ್ತಿರುವುದರಿಂದ. ಡಬ್ಬಿಯ ಮೇಲೆ ಬರೆದಿದೆ, ಓದು.

ಇನ್ನೂ ನಿನ್ನವಳೇ ಆಗಿರುವ, ಆದರೆ ಬಹಳ ಬೇಸತ್ತಿರುವ,
ಓನೆರ್ವ

ತಾ. ಕ.: ಇದನ್ನು ನಿನ್ನೆ ಬರೆದು ಮುಗಿಸಿದ್ದೆ. ಅಂಚೆಗೆ ಹಾಕಲು ಹೊರಟಾಗ ಬಾಗಿಲಲ್ಲಿ ನಿನ್ನ ಅಮ್ಮ ನಿಂತಿದ್ದರು. ಆ ಕೆಟ್ಟ ಮಂಡಿ ಇಟ್ಟುಕೊಂಡು ಒಬ್ಬರೇ ಬಸ್ಸಿನಲ್ಲಿ ಬಂದಿದ್ದಾರೆ. ಕೋಟು ಬಿಚ್ಚುವ ಮೊದಲೇ ಅವರು ಹೇಳಿದ್ದು: "ಅದು ನೀನು ಮಾಡಿದ್ದು ಅಂತ ನೋಡಿದ ಕೂಡ್ಲೆ ಗೊತ್ತಾಯ್ತು ಕಣೇ. ಅಡಿಭಾಗಾನೂ ನುಣ್ಣಗಿತ್ತು. ನನ್ನ ಮಗ ಕಾಣದೇ ಇರೋ ಕಡೆ ಯಾವತ್ತೂ ಉಜ್ಜಿದೋನಲ್ಲ. ಅವನು ಬಾಯಿ ಬಿಡ್ತಾನೇನೋ ನೋಡೋಣ ಅಂತಾನೇ ಹಾಗಂದೆ. ಬಿಡ್ಲಿಲ್ಲ. ಅವರಪ್ಪನ ಹಾಗೇನೇ."

ಆಮೇಲೆ ಅವರು ಹೇಳಿದ್ದನ್ನು ನೀನು ನಿಂತು ಓದಬೇಡ, ಎಲ್ಲಾದರೂ ಕೂತುಕೋ. ಅವರ ನಡುಮನೆಯಲ್ಲಿರುವ ತೂಗುಕುರ್ಚಿ, ಊರಿಗೆ ಊರೇ ನಿನ್ನ ಅಪ್ಪನ ಹೆಸರು ಹಿಡಿದು 'ಓಸ್ಕರಿಯ ಕುರ್ಚಿ' ಎನ್ನುವುದು, ಅದನ್ನು ಮಾಡಿದ್ದು ನಿನ್ನ ಅಪ್ಪ ಅಲ್ಲ. ಅಪ್ಪ ಯುದ್ಧಕ್ಕೆ ಹೋಗಿದ್ದರು, ನೀನು ಎತ್ತಿಕೊಳ್ಳದೆ ಮಲಗದ ಕೂಸು. ನಿನ್ನ ಅಮ್ಮ ಅಪ್ಪನ ಉಳಿ, ಕೀಸುಳಿ ಹಿಡಿದು, ಯಾರೂ ಹೇಳಿಕೊಡದೆ, ತಪ್ಪಿ ತಪ್ಪಿ ಅದನ್ನು ಮಾಡಿದರು. ಅಪ್ಪ ರಜೆಯಲ್ಲಿ ಬಂದಾಗ ನೋಡಲು ಬಂದ ನೆರೆಯವರು ಅದು ಅವರದೇ ಕೈಕೆಲಸವೆಂದು ಕುರ್ಚಿಯನ್ನು ಹೊಗಳಿದರು. ಅಪ್ಪ ಪೈಪಿಗೆ ಬೆಂಕಿ ಹಚ್ಚಿಕೊಂಡು ಸುಮ್ಮನಾದರು. ಅಮ್ಮ ಕಾಫಿ ಬಗ್ಗಿಸಿದರು. ಅಪ್ಪ ತೀರಿದಾಗ ಪಾದ್ರಿ ಅದೇ ಕುರ್ಚಿಯ ಬಗ್ಗೆ ಮಾತಾಡಿದರಂತೆ. "ಕರವಸ್ತ್ರದಲ್ಲಿ ಮುಖ ಮುಚ್ಕೊಂಡೆ. ಎಲ್ರೂ ಅಳ್ತಿದೀನಿ ಅಂದ್ಕೊಂಡ್ರು. ಸಿಟ್ಟಿಗೆ ಹಲ್ಲು ಕಚ್ತಾ ಇದ್ದೆ ಕಣೇ" ಎಂದರು. ಹೇಳಿ ಮುಗಿಸಿ ಅತ್ತರು. ನಾನೂ ಅತ್ತೆ. ಅಕ್ಕ ಮಾತ್ರ ನಿಮ್ಮ ವಂಶವನ್ನೆಲ್ಲ ಸೇರಿಸಿ ಬೈದಳು.

ಈ ಭಾನುವಾರ ಅಪ್ಪಂದಿರ ದಿನ. ನೀವೆಲ್ಲ ಅವರ ಮನೆಗೆ ಕಾಫಿಗೆ ಬರುತ್ತೀರಲ್ಲ, ಆಗ ಅವರು ಆ ಕುರ್ಚಿಯ ವಿಷಯ ಎಲ್ಲರ ಮುಂದೆ ಹೇಳುತ್ತಾರಂತೆ. ಸ್ಟೂಲಿನ ಮಾತನ್ನು ಎತ್ತುವುದಿಲ್ಲವಂತೆ. "ನಂದು ನಾನು ಹೇಳ್ತೀನಿ, ಅವನ್ದು ಅವನೇ ಹೇಳ್ಲಿ" ಎಂದರು. ನಾನೂ ಅವರ ಜೊತೆ ಹೊರಡುತ್ತಿದ್ದೇನೆ. ಕಾಫಿ ನಾನೇ ಬಗ್ಗಿಸುತ್ತೇನೆ, ನಿನಗೂ. ನಿನ್ನ ಲೋಟ ತುಂಬುವ ಹೊತ್ತಿಗೂ ನೀನು ಸುಮ್ಮನೆ ಕೂತಿದ್ದರೆ ನಾನು ನಿನ್ನ ಜೊತೆ ಮನೆಗೆ ಬರುವುದಿಲ್ಲ, ಅಲ್ಲೇ ಉಳಿಯುತ್ತೇನೆ. ಮಹಡಿಯ ಕೋಣೆಯಲ್ಲಿ ನನಗೆ ಹಾಸಿಗೆ ಹಾಸಿಟ್ಟೇ ಅವರು ಬಸ್ಸು ಹತ್ತಿದ್ದರು.