ಈರುಳ್ಳಿಗೆ ಮೂರು ತೂಕ, ಮುದುಕಿಗೆ ಒಂದೂ ಇಲ್ಲ

ಆಸ್ಪತ್ರೆಯ ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನನ್ನ ತಾಯಿ ಮುನಿವೆಂಕಟಮ್ಮ ನಿಮ್ಮ ವಾರ್ಡಿನಲ್ಲಿ ಹತ್ತೊಂಬತ್ತು ದಿನ ಮಲಗಿ ಹಸಿವಿನಿಂದ ಸತ್ತಳು. ನೀವು ಕೊಟ್ಟ ಕಾಗದದಲ್ಲಿ ‘ವಯೋಸಹಜ ನಿಶ್ಶಕ್ತಿ’ ಎಂದಿದೆ. ಸೊಂಟದ ಆಪರೇಷನ್ ಮಾತ್ರ ಸೊಗಸಾಗಿ ಆಗಿತ್ತು, ನಿಮ್ಮ ಡಾಕ್ಟರು ಎಕ್ಸ್‌ರೇ ತೋರಿಸಿ ಬೀಗಿದರು. ಆ ಗಟ್ಟಿ ಸೊಂಟವನ್ನು ನಾವು ನಮ್ಮೂರು ಸಿಂಗಾಪುರದಲ್ಲಿ ಮಣ್ಣು ಮಾಡಿ ಬಂದೆವು.

ನಾನು ಯಶವಂತಪುರದ ಮಂಡಿಯಲ್ಲಿ ಮೂವತ್ತೊಂದು ವರ್ಷದಿಂದ ಈರುಳ್ಳಿ ತೂಗುವವನು. ಮೂಟೆ ಲಾರಿಯಿಂದ ಇಳಿದಾಗ ಒಮ್ಮೆ, ಹರಾಜಿನಲ್ಲಿ ಒಮ್ಮೆ, ಹೊರಡುವಾಗ ಇನ್ನೊಮ್ಮೆ ತೂಗುತ್ತೇವೆ. ಎರಡು ಕೆಜಿ ಒಣಗಿದರೂ ಮಾಲೀಕ ಕುತ್ತಿಗೆ ಪಟ್ಟಿ ಹಿಡಿಯುತ್ತಾನೆ. ಅಮ್ಮನನ್ನು ಸೇರಿಸಿದ ದಿನ ನಿಮ್ಮವರು ತೂಕ ಎಷ್ಟೆಂದು ನನ್ನನ್ನೇ ಕೇಳಿದರು. ಕಸುಬಿನ ಜಂಬದಲ್ಲಿ ಕಣ್ಣಳತೆಯಿಂದ ನಲವತ್ತೆಂಟು ಎಂದೆ. ಸಾಯುವ ದಿನದವರೆಗೂ ಚಾರ್ಟಿನಲ್ಲಿ ಅದೇ ನಲವತ್ತೆಂಟು ಇತ್ತು. ಸ್ಟ್ರೆಚರಿಗೆ ಎತ್ತಿ ಹಾಕಿದವನು ನಾನು, ಮೂವತ್ತನಾಲ್ಕು ದಾಟುತ್ತಿರಲಿಲ್ಲ. ಉಳಿದ ಹದಿನಾಲ್ಕು ಕೆಜಿ ಅಮ್ಮ ನಿಮ್ಮಲ್ಲಿ ಎಲ್ಲಿ ಕರಗಿದಳು, ಸ್ವಾಮಿ?

ಊಟ ಕೊಟ್ಟಿದ್ದೇವೆ ಎನ್ನುತ್ತೀರಿ. ನಿಜ. ಪಕ್ಕದ ಹಾಸಿಗೆಯವರು ಆಮೇಲೆ ಹೇಳಿದಂತೆ, ಪ್ರತಿ ಮಧ್ಯಾಹ್ನ, ರಾತ್ರಿ ಚಪಾತಿಯ ತಟ್ಟೆ ಬಂದು ಕಾಲ ಬಳಿಯ ಮೇಜಿನ ಮೇಲೆ ಕೂರುತ್ತಿತ್ತು. ಅರ್ಧ ಗಂಟೆ ಅಮ್ಮನ ದರ್ಶನ ಪಡೆದು ಹಾಗೇ ಹಿಂದಿರುಗುತ್ತಿತ್ತು. ಮಗ್ಗುಲು ತಿರುಗಲಾರದ, ನಾಲ್ಕೇ ಹಲ್ಲಿನ ಮುದುಕಿ ಅದನ್ನು ಯಾವ ಯೋಗಾಸನ ಹಾಕಿ ತಿನ್ನಬೇಕಿತ್ತು? ನಾನು ತಂದ ಮುದ್ದೆ, ಸೊಪ್ಪಿನ ಸಾರನ್ನು ಗೇಟಿನಲ್ಲೇ ತಡೆದರು. ಹೊರಗಿನ ಊಟದಿಂದ ರೋಗಿಗೆ ಅಪಾಯವಂತೆ.

ನರ್ಸಮ್ಮ ಬಾಗಿಲಲ್ಲೇ ನಿಂತು “ಅಜ್ಜಿ, ಊಟ ಆಯ್ತಾ?” ಎನ್ನುತ್ತಿದ್ದರು. “ಆಯ್ತು ಕಣವ್ವ, ನಿಂದಾಯ್ತಾ?” ಎನ್ನುತ್ತಿದ್ದಳು ಅಮ್ಮ. ಚಾರ್ಟಿಗೆ ಒಂದು ಟಿಕ್ ಬೀಳುತ್ತಿತ್ತು. ನಮ್ಮ ಕಡೆ ಒಲೆ ಹಚ್ಚದ ಮನೆಯವರೂ ಆ ಪ್ರಶ್ನೆಗೆ ಆಯ್ತು ಎಂದೇ ಹೇಳುವುದು. ಹಸಿವನ್ನು ಬೇರೆಯವರೆದುರು ಬಾಯಿಬಿಟ್ಟು ಹೇಳುವುದು ಮರ್ಯಾದೆಯಲ್ಲ. ನರ್ಸಮ್ಮನಿಗೆ ಇದು ಹೊಳೆಯಲಿಲ್ಲ, ಸರಿ. ನನಗೆ? ದಿನವೂ ಸಂಜೆ ನಾಲ್ಕಕ್ಕೆ ಹೋಗಿ ನಾನೂ ಅದನ್ನೇ ಕೇಳಿದೆ, ಅದೇ ಉತ್ತರ ಪಡೆದೆ, ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹದಿನೇಳನೆಯ ದಿನ ಮಧ್ಯಾಹ್ನವೇ ಒಳಗೆ ಬಿಟ್ಟರು. ತುಂಬಿದ ತಟ್ಟೆ ವಾಪಸು ಹೋಗುವುದನ್ನು ಕಣ್ಣಾರೆ ಕಂಡೆ. ಯಾಕಮ್ಮ ಹೇಳಲಿಲ್ಲ ಎಂದೆ.

“ಅವ್ರಿಗೂ ಕೆಲ್ಸ ಇರ್ತದೆ. ತಿನ್ಸು ಅಂತ ಎಂಗ್ ಕೇಳಾದು, ನಾಚ್ಕೆ ಆಯ್ತದೆ ಕಣಪ್ಪ” ಎಂದಳು.

ಅಷ್ಟು ಹೊತ್ತಿಗೆ ಒಂದು ಚಮಚ ಗಂಜಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡೇ ದಿನಕ್ಕೆ ಹೋದಳು.

ಪಕ್ಕದ ಹಾಸಿಗೆಯಲ್ಲಿ ಜೈಬುನ್ನೀಸಾ ಎಂಬ ಅಜ್ಜಿ ಇನ್ನೂ ಇದ್ದಾರೆ. ಅವರೂ ಬಹಳ ಮರ್ಯಾದಸ್ಥರು. ಇವತ್ತೇ ಅವರನ್ನು ತೂಗಿಸಿ, ವಾರಕ್ಕೊಮ್ಮೆ ಎಲ್ಲ ಮುದುಕರನ್ನೂ ತೂಗಿಸಿ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ತಿನ್ನಿಸಲು ಒಬ್ಬರನ್ನು ನೇಮಿಸಿ, ಇಲ್ಲವೇ ನಮ್ಮನ್ನಾದರೂ ಒಳಗೆ ಬಿಡಿ. ಕೊನೆಯದಾಗಿ, ಅಮ್ಮನ ಕಾಗದ ತಿದ್ದಿ ‘ಹಸಿವು’ ಎಂದು ಬರೆಯಿರಿ. ಅಮ್ಮನಿಗೆ ಎಪ್ಪತ್ತೆಂಟು. ಅವಳ ಅಕ್ಕ ಮುನಿಕೃಷ್ಣಮ್ಮನಿಗೆ ಎಂಬತ್ತನಾಲ್ಕು, ತಂಗಿಯ ತಿಥಿಗೆ ಬಂದು ಅಳುತ್ತಲೇ ಎರಡು ಮುದ್ದೆ ಉಂಡು ಹೋದಳು. ಕಾಗದ ತಿದ್ದಲು ಆಗದಿದ್ದರೆ ಆಕೆಯನ್ನು ನಿಮ್ಮ ಕೊಠಡಿಗೇ ಕರೆತರುತ್ತೇನೆ. ತಂಗಿ ವಯಸ್ಸಾಗಿ ಸತ್ತಳೆಂದು ನೀವೇ ಆಕೆಗೆ ಹೇಳಿ.

ಇಂತಿ,
ಗೇಟಿನಲ್ಲಿ ಜಗಳವಾಡದೆ ಬುತ್ತಿ ಹಿಡಿದು ಮನೆಗೆ ಮರಳಿದ ವಿಧೇಯ ಮಗ,
ಆವಲಪ್ಪ, ಸಿಂಗಾಪುರ