ವಕೀಲರ ಬೀರು

ಮಾರ್ಚ್ ೧೨, ಮಂಗಳವಾರ

ತಪ್ಪು ಒಪ್ಪುತ್ತೀಯಾ ಅಂತ ನಾಳೆ ಕೋರ್ಟಲ್ಲಿ ಕೇಳ್ತಾರೆ. ಬೀಗ-ಕೀಲಿ ರಿಪೇರಿ ನನ್ನ ಕಸುಬು; ಮನೆ ತನ್ನದೇ ಅಂದವನಿಗೆ ಬೀಗ ತೆಗೆದುಕೊಟ್ಟೆ. ಅವನು ದೋಚಿ ಓಡಿಹೋದ, ಕಳ್ಳತನದ ಕೇಸು ನನ್ನ ತಲೆಗೆ ಕಟ್ಟಿದರು.

"ಒಪ್ಪಿಕೊಂಡ್ರೆ ಶಿಕ್ಷೆ ಕಮ್ಮಿಯಾಗಬಹುದು. ಇಲ್ಲಾಂದ್ರೆ ವಿಚಾರಣೆ. ನಿಮಗೆ ಕದಿಯೋ ಉದ್ದೇಶ ಇತ್ತು ಅಂತ ಅವರೇ ಸಾಬೀತು ಮಾಡಬೇಕು," ಅಂದರು ವಕೀಲರಮ್ಮ.

ಒಪ್ಪಿಕೊಂಡರೆ ಆಮೇಲೆ ಯಾರು ತಾನೇ ತಮ್ಮ ಬೀಗ ಮುಟ್ಟಗೊಡುತ್ತಾರೆ?

ನನ್ನ ಫೈಲು ತೆಗೆಯಲು ಹೋದರೆ ಅವರ ಬೀರುವಿನ ಕೀಲಿಯೇ ಕಳೆದಿತ್ತು. "ನೀವೇ ತೆಗೀರಿ," ಅಂತ ಫೋನ್ ಹಿಡಿದು ಹೊರಗೆ ಹೋದರು. ತೆಗೆದೆ. ಒಳಗೆ ಅವರ ಪರ್ಸೂ ಇತ್ತು.

"ಕಳ್ಳನ ಕೈಗೇ ಬೀರು ಒಪ್ಪಿಸಿ ಹೋದ್ರಲ್ಲ ಮೇಡಂ?" ಅಂದೆ, ಅವರು ವಾಪಸ್ ಬಂದಾಗ.

"ಕಳ್ಳ ಅನ್ನಿಸಿದ್ರೆ ತಾನೇ?" ಅಂತ ನಕ್ಕರು.

ಒಪ್ಪಿಕೊಳ್ಳಲ್ಲ, ಸುತಾರಾಂ. ಕಣ್ಣು ಎಳೀತಿದೆ. ಹಾಂ, ಆ ಬೀರುವಿಗೊಂದು ಕೀಲಿ ಮಾಡಬೇಕು. ನಾಳೆ ಮನೆಗೆ ಬಂದ ಕೂಡಲೇ.