ಮೊಸರನ್ನಕ್ಕೆ ಹಾಕಿದ ಮದ್ದು

ಎಗ್ಮೋರ್, ಚೆನ್ನೈ
೧೬ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಮ್ಮಣ್ಣಿ ಅಕ್ಕನಿಗೆ ಜಲಜಾಕ್ಷಿಯ ನಮಸ್ಕಾರಗಳು.

ನೀವು ದಿನಾ ಫೋನು ಮಾಡುತ್ತೀರಿ, ನಾನು ದಿನಾ ‘ಆಮೇಲೆ ಹೇಳ್ತೇನೆ ಅಕ್ಕ’ ಎಂದು ಇಟ್ಟುಬಿಡುತ್ತೇನೆ. ಸಿಟ್ಟು ಮಾಡಬೇಡಿ. ಈ ಎರಡು ಕೋಣೆಯ ಮನೆಯಲ್ಲಿ ಫೋನಿನ ಮಾತು ಗೋಡೆಗೂ ಕೇಳುತ್ತದೆ, ಇವರಿಗೂ ಕೇಳುತ್ತದೆ. ಅದಕ್ಕೇ ಈ ಕಾಗದ. ಇವರು ಆರಾಮಾಗಿದ್ದಾರೆ. ಹೋಟೆಲಿನ ಗಲ್ಲಾದಲ್ಲಿ ಈಗ ಭಾವನ ಮಗ ಪ್ರವೀಣ ಕೂರುತ್ತಾನೆ. ಇವರು ಬೆಳಗ್ಗೆ ಗಂಜಿ ಕುಡಿದು, ಬಾಲ್ಕನಿಯಲ್ಲಿ ಪೇಪರು ಹಿಡಿದು ಕೂತರೆ ಮುಗಿಯಿತು. ಆಯುಷ್ಯವೆಲ್ಲ ದೋಸೆ ಕಾವಲಿಯ ಮುಂದೆ ಬೆಂದವರಿಗೆ ಇಷ್ಟಾದರೂ ವಿಶ್ರಾಂತಿ ಬೇಡವೇ? ಇವರ ವಿಷಯ ಅಷ್ಟೇ.

ಈಗ ಆ ಹೆಂಗಸಿನ ವಿಷಯ. ಮೈಸೂರಿನಲ್ಲಿ ಕೂತು ಮೊಬೈಲಿನ ರೇಡಿಯೊದಲ್ಲಿ ಕೇಳಿದ್ದಷ್ಟೇ ನಿಮಗೆ ಗೊತ್ತು, ಸ್ಟುಡಿಯೊದ ಗಾಜಿನ ಒಳಗೆ ನನಗೇನಾಯಿತೆಂದು ಗೊತ್ತಿಲ್ಲ. ಮೊದಲಿನಿಂದ ಹೇಳಿದರೇ ನನಗೆ ಸಮಾಧಾನ, ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮ ಬುಧವಾರದ ಅರ್ಧ ಗಂಟೆ ನೀವು ಹಾಕಿಕೊಟ್ಟ ಕ್ರಮದಲ್ಲೇ ನಡೆಯುತ್ತಿದೆ. ಒಂದು ವಾರ ಡಾಕ್ಟರ ಮಾತು, ಒಂದು ವಾರ ಅಡುಗೆ, ಒಂದು ವಾರ ಕಾನೂನು, ಒಂದು ವಾರ ಬರೀ ಹರಟೆ. ಸರಕಾರಿ ರೇಡಿಯೊದಲ್ಲಿ ಚೆನ್ನೈಯ ಕನ್ನಡದವರಿಗೆ ಸಿಕ್ಕಿದ್ದು ಅಂಗೈಯಗಲ ಜಾಗ, ನಾವಿಬ್ಬರು ಅದರಲ್ಲಿ ಒಂದು ಸಂತೆಯನ್ನೇ ಕೂರಿಸಿದ್ದೆವು. ನಿಮ್ಮ ಮೈಸೂರು ಕಡೆಯವರು ಫೋನು ಮಾಡಿದರೆ ನೀವು, ನಮ್ಮ ಕರಾವಳಿಯವರು ಮಾಡಿದರೆ ನಾನು ಎಂದು ಹಂಚಿಕೊಂಡಿದ್ದೆವಲ್ಲ, ನೀವು ಮೈಸೂರು ಸೇರಿದ ಮೇಲೆ ಎರಡಕ್ಕೂ ನಾನೊಬ್ಬಳೇ. ನಿಮ್ಮ ಜಾಗಕ್ಕೆ ಯಾರನ್ನಾದರೂ ಹುಡುಕಲೇ ಎಂದು ನಿಲಯದ ಅಧಿಕಾರಿ ಮಧ್ವರಾಜರು ಕೇಳಿದ್ದರು. ಕನ್ನಡ ಕನ್ನಡವೇ ಸಾರ್, ನಾನೇ ಸಾಕು ಎಂದು ಜಂಬ ಕೊಚ್ಚಿದವಳೂ ನಾನೇ.

ಡಾಕ್ಟರ ವಾರ ಆ ಫೋನು ಬಂತು. ವಯಸ್ಸಾದವರ ದನಿ, ಬಾಯಿಗೆ ಸೆರಗು ಹಿಡಿದುಕೊಂಡಂತೆ ಮೆಲ್ಲಗೆ. ಹೆಸರು ಹೇಳಲಿಲ್ಲ, ಕ್ರೋಂಪೇಟೆ ಎಂದರು. ಆಮೇಲೆ, ‘ನನ್ ಸೊಸೆ ಮೊಸರನ್ನಕ್ಕೆ ಮದ್ದು ಹಾಕ್ತಾಳೆ ಕಣ್ರೀ, ನಾನೇನ್ ಮಾಡ್ಲಿ?’ ಅಂದರು. ಡಾಕ್ಟರು ಇಲ್ಲೇ ತಮಿಳು ಶಾಲೆಯಲ್ಲಿ ಓದಿದ ಹುಡುಗ, ಕನ್ನಡ ಅರ್ಧಂಬರ್ಧ. ಅವನು ನನ್ನ ಮುಖ ನೋಡಿದ. ನನಗೆ ಮಾತಿಗೇನು ಬರವೇ? ನೀವು ಅದೃಷ್ಟವಂತೆ ಅಮ್ಮಾ, ನೆನಪಿಟ್ಟು ಮದ್ದು ಹಾಕಿ ಉಣಿಸುವ ಸೊಸೆ ಈ ಕಾಲದಲ್ಲಿ ಎಷ್ಟು ಮಂದಿಗೆ ಸಿಗುತ್ತಾಳೆ, ಒಂದಗುಳೂ ಬಿಡದೆ ಉಣ್ಣಿ ಎಂದು ನಕ್ಕೆ. ಆ ಕಡೆ ಲೈನು ಕಟ್ಟಾಯಿತು. ನಾನು ಹಾಡು ಹಾಕಿಸಿದೆ.

ಮನೆಗೆ ಬಂದು ಚಪ್ಪಲಿ ಬಿಟ್ಟಿರಲಿಲ್ಲ, ನಿಮ್ಮ ಫೋನು. ‘ಏನ್ ಹೇಳ್ಬಿಟ್ಟೆ ಜಲಜಾ!’ ಎಂದು ನೀವು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಜ್ವರಕ್ಕೆ ಕೊಟ್ಟರೂ ಮದ್ದು, ಕೆಮ್ಮಿಗೆ ಕೊಟ್ಟರೂ ಮದ್ದು, ಗಾಯಕ್ಕೆ ಹಚ್ಚಿದರೂ ಮದ್ದು, ನಾನು ಹುಟ್ಟಿದ ಕುಂದಾಪುರದಲ್ಲಿ ಅದಕ್ಕೆ ಬೇರೆ ಹೆಸರೇ ಇಲ್ಲ. ನಿಮ್ಮ ಕಡೆ ಗುಣವಾಗಲೆಂದು ಕೊಡುವುದು ಔಷಧಿ, ಅನ್ನದಲ್ಲಿ ಕದ್ದು ಬೆರೆಸಿ ಮನುಷ್ಯನನ್ನು ಕೊರಗಿಸಿ ಕೊಲ್ಲುವುದು ಮದ್ದು ಎಂದಿರಿ. ಒಬ್ಬ ಮುದುಕಿ ತನಗೆ ವಿಷ ಹಾಕುತ್ತಿದ್ದಾರೆ ಎಂದು ಇಡೀ ಊರಿಗೆ ಕೇಳುವಂತೆ ಹೇಳಿದಳು, ನಾನು ನಗುತ್ತಾ ಪೂರ್ತಿ ಉಣ್ಣು ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ರೇಡಿಯೊದಲ್ಲಿ ಆಡಿದ ಮಾತು ಎಲ್ಲಿಗೆ ಹೋಯಿತೆಂದು ಹುಡುಕಲಿಕ್ಕೂ ಆಗುವುದಿಲ್ಲ.

ಸ್ಟುಡಿಯೊದ ಆ ಹಳೆ ಫೋನಿನಲ್ಲಿ ನಂಬರು ಕಾಣುವುದಿಲ್ಲ, ನಿಮಗೆ ಗೊತ್ತಲ್ಲ. ಹೆಸರಿಲ್ಲ, ಮನೆಯಿಲ್ಲ, ಪೊಲೀಸರಿಗೆ ಏನೆಂದು ಹೇಳುವುದು ಎಂದು ಮಧ್ವರಾಜರು ತಲೆ ಮೇಲೆ ಕೈಯಿಟ್ಟರು. ನಾನೇ ರೇಡಿಯೊದಲ್ಲಿ ಅವರನ್ನು ಕರೆದು ಹೇಳುತ್ತೇನೆ ಎಂದೆ. ಆ ಮನೆಯಲ್ಲಿ ರೇಡಿಯೊ ಸೊಸೆಗೂ ಕೇಳುತ್ತದೆ, ಜೋಕೆ ಎಂದರು. ಆ ಮಾತು ಸುಳ್ಳಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ ಒಂದು ವಾರ ಕಳೆದೆ. ಅನ್ನಕ್ಕೆ ಕೈ ಹಾಕಿದರೆ ಆ ದನಿ ಕೇಳುತ್ತಿತ್ತು.

ಮುಂದಿನದು ಅಡುಗೆಯ ವಾರ. ಹಲಸಿನ ಹಪ್ಪಳದ ಮಾತು ಬರೆದಿಟ್ಟಿದ್ದೆ, ಅದನ್ನು ಮಡಿಸಿಟ್ಟು ಮೊಸರನ್ನದ ಬಗ್ಗೆ ಶುರು ಮಾಡಿದೆ. ಆ ಹೆಂಗಸಿಗೆ ತಿಳಿಯಬೇಕು, ಸೊಸೆಗೆ ತಿಳಿಯಬಾರದು, ಹಾಗೆ ಮಾತಾಡಬೇಕಿತ್ತು. ಮೊಸರನ್ನವನ್ನು ಉಣ್ಣುವವರೇ ಕಲಸಿಕೊಳ್ಳಬೇಕು, ಬೇರೆಯವರು ಕಲಸಿಟ್ಟದ್ದು ಯಾಕೋ ಸರಿಯಿಲ್ಲ ಅನ್ನಿಸಿದರೆ ಬಾಯಿಗೇ ಇಡಬೇಡಿ ಎಂದೆ. ಹೋದ ವಾರ ನಾನು ಒಂದು ಸಲಹೆ ತಪ್ಪು ಕೊಟ್ಟಿದ್ದೇನೆ, ಅದನ್ನು ಹಿಂದಕ್ಕೆ ತೆಗೆದುಕೊಂಡೆ, ತಿಳಿಯಬೇಕಾದವರಿಗೆ ತಿಳಿದರೆ ಸಾಕು ಎಂದೂ ಸೇರಿಸಿದೆ. ಕ್ರೋಂಪೇಟೆಯ ಹಿರಿಯರು ಫೋನು ಮಾಡಿ ತಮ್ಮ ಮನೆಯ ಮೊಸರನ್ನದ ಬಗೆ ಹೇಳಬೇಕೆಂದು ಬೇಡಿಕೊಂಡೆ. ಬೆಸೆಂಟ್ ನಗರದಿಂದ ಒಬ್ಬರು ದಾಳಿಂಬೆ ಹಾಕಿ ಎಂದರು. ಇನ್ನೊಬ್ಬರು ದಾಳಿಂಬೆ ಹಾಕಿದರೆ ಅದು ಮೊಸರನ್ನವೇ ಅಲ್ಲ ಎಂದು ಜಗಳಕ್ಕೆ ಬಂದರು. ಪ್ರತಿ ಸಲ ಫೋನು ಹೊಡೆದುಕೊಂಡಾಗ ಅವರೇ ಇರಬೇಕೆಂದುಕೊಂಡೆ. ನನಗೆ ಬೇಕಾದ ದನಿ ಬರಲೇ ಇಲ್ಲ.

ಕಾನೂನಿನ ವಾರಕ್ಕೆ ಒಬ್ಬ ವಕೀಲೆಯನ್ನು ಕರೆಸಿ, ಮನೆಯೊಳಗೆ ಹಿರಿಯರಿಗೆ ಹೆದರಿಕೆ ಇದ್ದರೆ ಏನು ಮಾಡಬೇಕೆಂದು ಮಾತಾಡಿಸಿದೆ. ಮೊದಲ ಫೋನೇ ಒಬ್ಬ ಹುಡುಗಿಯದು, ದನಿ ಬಿಗಿಯಾಗಿತ್ತು. ಮನೆಯ ಹಿರಿಯರೊಬ್ಬರು ಯಾರದೋ ಮಾತು ಕೇಳಿ ಊಟ ಬಿಟ್ಟಿದ್ದಾರೆ, ಹಾಗೆ ಹೇಳಿಕೊಟ್ಟವರ ಮೇಲೆ ಕೇಸು ಹಾಕಬಹುದೇ ಎಂದಳು. ವಕೀಲೆ ಉಮೇದಿನಿಂದ, ಯಾರೇ ಆಗಿರಲಿ, ಖಂಡಿತ ದೂರು ಕೊಡಿ ಎಂದರು. ಹಾಗಾದರೆ ಅವರು ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ ಮೇಡಂ ಎಂದಳು. ಅಲ್ಲಿಯವರೆಗೆ ನೀವೂ ಕೇಳಿದ್ದೀರಿ. ಆಮೇಲೆ ಬಂದದ್ದು ಹಾಡು, ಯಾಕೆಂದರೆ ನಾನು ಸನ್ನೆ ಮಾಡಿ ಹಾಕಿಸಿದೆ.

ಹಾಡಿನ ಹಿಂದೆ ಅವಳು ನನ್ನನ್ನು ಜಾಡಿಸಿದಳು. ಹೆಸರು ರಚನಾ, ಬ್ಯಾಂಕಿನಲ್ಲಿ ಕೆಲಸ. ಅತ್ತೆ ನಾಗರತ್ನಮ್ಮ ನನ್ನ ಮೊಸರನ್ನದ ಮಾತು ಕೇಳಿ, ಉಣ್ಣಬೇಡಿ ಎಂದು ರೇಡಿಯೊದವರೇ ಹೇಳಿದ್ದಾರೆ ಎಂದು ತಟ್ಟೆ ದೂಡಿದವರು ಆವತ್ತಿನಿಂದ ಮನೆಯ ಅನ್ನ ಮುಟ್ಟಿಲ್ಲವಂತೆ. ತಾವೇ ಸುಲಿದ ಬಾಳೆಹಣ್ಣು, ಕಣ್ಣೆದುರು ಕೊಚ್ಚಿಸಿದ ಎಳನೀರು, ಅಷ್ಟರಲ್ಲೇ ಜೀವ ಹಿಡಿದಿದ್ದಾರೆ, ಕಾಫಿಯನ್ನೂ ಸಿಂಕಿಗೆ ಸುರಿಯುತ್ತಾರೆ ಎಂದಳು. ನಾನು ಗಟ್ಟಿ ಮನಸ್ಸು ಮಾಡಿ ಕೇಳಿಯೇಬಿಟ್ಟೆ, ಮೊಸರನ್ನಕ್ಕೆ ನೀನು ಏನು ಹಾಕುತ್ತಿದ್ದೆ ತಾಯಿ ಎಂದು. ಅದನ್ನು ಫೋನಿನಲ್ಲಿ ಹೇಳಲಾರೆ ಎಂದಳು. ಅದು ನನಗೆ ಸರಿ ಕಾಣಲಿಲ್ಲ. ವಿಳಾಸ ಕೇಳಿದೆ. ಬನ್ನಿ, ನೀವೇ ಬಂದು ಅವರಿಗೆ ಉಣಿಸಿ ಎಂದು ವಿಳಾಸ ಕೊಟ್ಟಳು.

ನಿನ್ನೆ ಶನಿವಾರ ಹೋದೆ. ಇವರಿಗೆ ಗಂಜಿ ಕೊಟ್ಟು, ಪೂರ್ತಿ ಕುಡಿದದ್ದನ್ನು ನೋಡಿ, ಪ್ರವೀಣನನ್ನು ಜೊತೆಗೆ ಕೂರಿಸಿ ಹೊರಡುವಾಗ ಬಿಸಿಲೇರಿತ್ತು. ಲೋಕಲ್ ರೈಲಿನಲ್ಲಿ ಕೂತು ಮಾಂಬಲಂ, ಗಿಂಡಿ ದಾಟುವವರೆಗೂ ಅವಳು ನಿಜವಾಗಿ ಹಾಕುತ್ತಿದ್ದರೆ ಏನು ಮಾಡಲಿ, ಹಾಕದೆ ಇದ್ದರೆ ಯಾವ ಮುಖ ಹೊತ್ತು ನಿಲ್ಲಲಿ ಎಂದು ಇದೇ ಯೋಚನೆ.

ನಾಗರತ್ನಮ್ಮ ಕಿಟಕಿಯ ಹತ್ತಿರ ಕೂತಿದ್ದರು. ಬಳೆ ಮೊಣಕೈವರೆಗೆ ಜಾರುವಷ್ಟು ಇಳಿದಿದ್ದರು, ಕಣ್ಣು ಮಾತ್ರ ಚುರುಕು. ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದರು. ‘ಮೊದ್ಲು ಉಣ್ಣು ಅಂದ್ರಿ, ಆಮೇಲೆ ಬ್ಯಾಡ ಅಂದ್ರಿ. ಯಾವ್ದಾದ್ರೂ ಒಂದ್ ಹೇಳಿ’ ಎಂದರು.

ಅವರು ಕಣ್ಣಾರೆ ಕಂಡಿದ್ದರು ಅಕ್ಕ. ಅಡುಗೆಮನೆಯ ಬಾಗಿಲಿನಿಂದ, ಸೊಸೆ ಚಮಚದ ಬೆನ್ನಿನಿಂದ ಏನನ್ನೋ ಅರೆದು, ಬಟ್ಟಲಿಗೆ ಹಾಕಿ, ಮೇಲೆ ಮೊಸರು ಸುರಿದು, ಹಿಂದೆ ಮುಂದೆ ನೋಡಿ ಕಲಸಿದ್ದನ್ನು. ರಚನಾ ಅಲ್ಲಗಳೆಯಲಿಲ್ಲ. ಒಳಗೆ ಹೋಗಿ ಮಾತ್ರೆಯ ಪಟ್ಟಿ, ಡಾಕ್ಟರು ಬರೆದುಕೊಟ್ಟ ಚೀಟಿ ಎಲ್ಲ ತಂದು ನನ್ನ ಮುಂದಿಟ್ಟಳು. ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿದೆ. ಒಂದು ದಿನ ತಮ್ಮೂರು ನಂಜನಗೂಡಿಗೆ ಹೋಗುತ್ತೇನೆಂದು ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಕೂತಿದ್ದರಂತೆ. ಮಾತ್ರೆ ಕೊಟ್ಟರೆ ದಿಂಬಿನ ಕೆಳಗೆ ಸೇರಿಸುತ್ತಿದ್ದರು. ಅಮ್ಮನಿಗೆ ಕಾಯಿಲೆಯ ಹೆಸರು ಹೇಳಬೇಡ, ಎದೆಯೊಡೆದುಕೊಳ್ಳುತ್ತಾರೆ ಎಂದು ಗಂಡನ ಕಟ್ಟಪ್ಪಣೆ. ಮತ್ತೆ ನಾನೇನು ಮಾಡಬೇಕಿತ್ತು, ಊಟಕ್ಕೆ ಬೆರೆಸಿದೆ ಎಂದು ಅತ್ತಳು. ‘ನಮ್ ಊರಲ್ಲಿ ಯಾರಿಗಾದ್ರೂ ಗೊತ್ತಾದ್ರೆ ಮದ್ದು ಹಾಕೋ ಸೊಸೆ ಅಂತಾರೆ ಆಂಟಿ, ಜನ್ಮ ಪೂರ್ತಿ ಅಂತಾರೆ’ ಎಂದಳು.

ನೋಡಿ ವಿಚಿತ್ರ. ನಾನು ತಪ್ಪು ತಿಳಿದುಕೊಂಡದ್ದೇ ನಿಜವಾಗಿತ್ತು. ಅದು ನಮ್ಮೂರಿನ ಮದ್ದೇ! ಒಂದು ಕ್ಷಣ ನನಗೆ ಗೆದ್ದಂತೆ ಆಯಿತು, ಸುಳ್ಳು ಹೇಳುವುದಿಲ್ಲ. ನೋಡಿ ಅಮ್ಮಾ, ಇದು ಔಷಧಿ, ವಿಷ ಅಲ್ಲ, ಸುಮ್ಮನೆ ಹೆದರಿದಿರಿ ಎಂದೆ.

ನಾಗರತ್ನಮ್ಮ ಮಾತ್ರೆಯ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡಿದರು. ‘ನಂಗೆ ಹೇಳಿ ಕೊಟ್ಟಿದ್ರೆ ಔಷ್ದಿ ಆಗೋದು ಕಣಮ್ಮ. ಕದ್ದು ಹಾಕಿದ್ಕೆ ಮದ್ದಾಯ್ತು’ ಎಂದರು.

ರಚನಾ ಕಣ್ಣೊರೆಸಿಕೊಂಡು, ಅತ್ತೆಯ ಮುಂದೆ ನೆಲಕ್ಕೆ ಕೂತು, ಒಂದು ಮಾತ್ರೆ ಬಿಡಿಸಿ ಅಂಗೈಯಲ್ಲಿಟ್ಟು ತೋರಿಸಿದಳು. ಕಾಯಿಲೆಯ ಹೆಸರನ್ನೂ ಹೇಳಿಬಿಟ್ಟಳು. ಎಲ್ಲಾ ಮರೆತುಹೋಗುತ್ತದೆಯೇ ಎಂದು ಅವರು ಕೇಳಿದರು. ಇದನ್ನು ತೆಗೆದುಕೊಂಡರೆ ನಿಧಾನವಾಗುತ್ತದೆಯಂತೆ ಎಂದಳು. ನಿನ್ನ ಹೆಸರೂ ಮರೆಯುತ್ತದೆಯೇ ಎಂದರು. ಅದಕ್ಕೆ ಅವಳು ಮಾತ್ರೆಯಿದ್ದ ಅಂಗೈಯನ್ನು ಇನ್ನಷ್ಟು ಮುಂದೆ ಚಾಚಿದಳು. ಮೇಲೆ ವಿಮಾನವೊಂದು ಇಡೀ ಮನೆ ಅದುರಿಸಿಕೊಂಡು ಹೋಯಿತು. ಅದರ ಸದ್ದು ಅಡಗಿದ ಮೇಲೆ ನಾಗರತ್ನಮ್ಮ ತಾವೇ ಎದ್ದು, ತಾವೇ ನೀರು ಬಗ್ಗಿಸಿಕೊಂಡು, ಮಾತ್ರೆ ನುಂಗಿದರು. ‘ಒಂಚೂರು ಅನ್ನ ತಾ. ನನ್ ಮುಂದೆ ಕಲ್ಸು’ ಎಂದರು. ಅವರು ಉಂಡರು ಅಕ್ಕ. ನನಗೂ ಒಂದು ತಟ್ಟೆ ಕೊಟ್ಟರು. ಬರೀ ಉಪ್ಪು, ಮೊಸರು, ಒಂದು ಒಗ್ಗರಣೆ ಕೂಡ ಇರಲಿಲ್ಲ, ಆದರೂ ಒಂದಗುಳೂ ಬಿಡದೆ ಉಂಡೆ.

ಬುಧವಾರದಿಂದ ನನ್ನನ್ನು ಮೈಕಿನ ಮುಂದೆ ಕೂರಿಸುತ್ತಾರೋ ಮನೆಗೆ ಕಳಿಸುತ್ತಾರೋ ಮಧ್ವರಾಜರು ಇನ್ನೂ ಬಾಯಿ ಬಿಟ್ಟಿಲ್ಲ. ಕೂರಿಸಿದರೆ ಬರುವುದು ಹರಟೆಯ ವಾರ. ಮೈಸೂರಿನಿಂದಲೇ ಫೋನಿನಲ್ಲಿ ನೀವೂ ಸೇರಿಕೊಳ್ಳಬೇಕು. ಒಂದೇ ಮಾತು ಒಂದು ಊರಿನಲ್ಲಿ ಬದುಕಿಸುತ್ತದೆ, ಇನ್ನೊಂದು ಊರಿನಲ್ಲಿ ಕೊಲ್ಲುತ್ತದೆ, ಅದನ್ನೇ ಹರಟೋಣ. ನಾಗರತ್ನಮ್ಮ ಕೇಳುತ್ತೇನೆ ಎಂದಿದ್ದಾರೆ. ನಾನೊಬ್ಬಳೇ ಸಾಕು ಎಂಬ ಜಂಬ ಇಳಿದಿದೆ, ನಿಮ್ಮ ಕುರ್ಚಿ ನಿಮಗಾಗಿಯೇ ಇದೆ.

ನಿಮ್ಮ ಮಂಡಿ ನೋವು ಹೇಗಿದೆ, ಬರೆಯಿರಿ. ಫೋನು ಬೇಡ, ಕಾಗದವನ್ನೇ ಬರೆಯಿರಿ.

ಇತಿ ನಿಮ್ಮ ಪ್ರೀತಿಯ
ಜಲಜಾಕ್ಷಿ

ತಾ.ಕ.: ಇವರು ಆರಾಮಾಗಿದ್ದಾರೆ ಎಂದು ಮೇಲೆ ಬರೆದದ್ದನ್ನು ನಂಬಬೇಡಿ. ಹೋಟೆಲಿನ ದಾರಿ ಮರೆತು ಇವರು ಎಗ್ಮೋರ್ ಸ್ಟೇಷನ್ನಿನ ಮುಂದೆ ನಿಂತುಬಿಟ್ಟಿದ್ದರು, ಗಲ್ಲಾ ಪ್ರವೀಣನ ಕೈಗೆ ಹೋದದ್ದು ಆಮೇಲೆ. ಡಾಕ್ಟರು ಕೊಟ್ಟ ಮರೆವಿನ ಮಾತ್ರೆ ಕಂಡರೆ ನನಗೇನಾಗಿದೆ ಎಂದು ರೇಗುತ್ತಾರೆ. ದಿನಾ ಬೆಳಗ್ಗೆ ಚಮಚದ ಬೆನ್ನಿನಿಂದ ಅರೆದು ಗಂಜಿಗೆ ಹಾಕುತ್ತಿದ್ದೇನೆ. ನಾಗರತ್ನಮ್ಮನಿಗೆ ನೀವು ಅದೃಷ್ಟವಂತೆ ಎಂದು ಅಷ್ಟು ಬೇಗ ಬಾಯಿಗೆ ಬಂದದ್ದು ಕುಂದಾಪುರದ ಕನ್ನಡದಿಂದ ಮಾತ್ರ ಅಲ್ಲ ಅಕ್ಕ. ಇವತ್ತು ಬೆಳಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟು ಇವರ ಮುಂದೆ ಹಿಡಿದು, ಎಲ್ಲ ಹೇಳಿದೆ. ಇವರು ಮಾತ್ರೆ ನೋಡಿದರು, ಗಂಜಿಯ ಬಟ್ಟಲು ನೋಡಿದರು, ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. ಕೇಳಿದ್ದು ಒಂದೇ, ಯಾವಾಗಿನಿಂದ ಎಂದು. ನಾನು ಎದ್ದು ಬಂದು ಈ ಕಾಗದ ಬರೆಯಲು ಕೂತೆ. ಇವರು ಇನ್ನೂ ಅಲ್ಲೇ ಕೂತಿದ್ದಾರೆ, ಮಧ್ಯಾಹ್ನದ ಊಟವನ್ನೂ ಮುಟ್ಟಿಲ್ಲ. ಇದನ್ನು ಅಂಟಿಸಿ, ಹೋಗಿ ಉತ್ತರ ಹೇಳಬೇಕು.